ಕೆಟ್ಟ ಬಾಗಿಲನ್ನು ಕೀಳಬೇಕೆ?

ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಅಡ್ಡಾಡುವಾಗ ಗೇಟಿನ ಫಲಕಗಳನ್ನು ನೋಡಿರಿ. ಎಷ್ಟೋ ಮನೆಗಳಿಗೆ ಎರಡು ನಂಬರುಗಳು: ಒಂದು ಹಳೆಯದು, ಒಂದು ಹೊಸದು. ಹೊಸದು ಬಂದ ಮೇಲೆ ಹಳೆಯದೇಕೆ ಎಂದು ಕೇಳಬಹುದು. ಆದರೆ ಕ್ರಯಪತ್ರದಲ್ಲಿರುವುದು ಹಳೆಯ ನಂಬರು. ದೂರದ ನೆಂಟರು ಬರೆದುಕೊಂಡಿರುವ ವಿಳಾಸವೂ ಅದೇ.

ಕಂಪ್ಯೂಟರಿನ ತಂತ್ರಾಂಶಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಒಂದು ತಂತ್ರಾಂಶ ಇನ್ನೊಂದರೊಡನೆ ವ್ಯವಹರಿಸಲು ಗೊತ್ತುಮಾಡಿಕೊಂಡ ಹೆಸರು, ಸಂಖ್ಯೆ, ಕ್ರಮಗಳಿಗೆ ಇಂಟರ್‌ಫೇಸ್ ಎನ್ನುತ್ತಾರೆ. ನಾವು ಅದನ್ನು ಬಾಗಿಲು ಎನ್ನೋಣ. ಬಾಗಿಲನ್ನು ವಕ್ರವಾಗಿ ಇಟ್ಟದ್ದು ಆಮೇಲೆ ತಿಳಿದರೆ ಕೀಳಬೇಕೆ, ಬಿಡಬೇಕೆ? ಕನ್ನಡಕ್ಕೇ ಸಂಬಂಧಿಸಿದ ಎರಡು ನಿದರ್ಶನಗಳುಂಟು.

ಮೊದಲನೆಯದು ಒಂದು ಹೆಸರಿನ ಕತೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರನ್ನೂ ಕೊಟ್ಟಿರುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ನಮ್ಮ ‘ಅ’ಕಾರದ ಸಂಖ್ಯೆ 3205. 3294 ಎಂಬುದು ಹಳೆಯ ‘ೞ’ಕಾರದ್ದು. ‘ಹಳಗನ್ನಡ’ವೆಂಬ ಮಾತೇ ಹಿಂದೆ ‘ಪೞಗನ್ನಡ’ವಾಗಿತ್ತು, 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವನ್ನು ಪ್ರತ್ಯೇಕವಾಗಿ ವಿವೇಚಿಸಿದ್ದಾನೆ. ಇಂಥ ಅಕ್ಷರಕ್ಕೆ ಯೂನಿಕೋಡಿನಲ್ಲಿ ಬಿದ್ದ ಹೆಸರು ‘ಫಾ’! ಅದು ತಪ್ಪೆಂದು ಯೂನಿಕೋಡಿನ ಪಟ್ಟಿಯೇ ಒಪ್ಪಿಕೊಳ್ಳುತ್ತದೆ. ಆದರೂ ಅಳಿಸಲಿಲ್ಲ. 1996ರ ಎರಡನೆಯ ಆವೃತ್ತಿಯಿಂದೀಚೆಗೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿದೆ. ಆ ಹೆಸರನ್ನು ಹಿಡಿದೇ ಅಕ್ಷರವನ್ನು ಕರೆಯುವ ತಂತ್ರಾಂಶಗಳು ಎಲ್ಲೆಲ್ಲಿವೆಯೋ ಬಲ್ಲವರಾರು? ಆದುದರಿಂದ ತಪ್ಪು ಹೆಸರನ್ನು ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ಸೇರಿಸಿದರು. ಗೇಟಿನ ಎರಡು ನಂಬರುಗಳ ಹಾಗೆ. ‘ೞ’ವನ್ನು ಓದುವವನಿಗೆ ಈ ಹೆಸರು ಕಾಣುವುದೂ ಇಲ್ಲ, ನೋಯಿಸುವುದೂ ಇಲ್ಲ.

ಎರಡನೆಯದು ಹಾಗಲ್ಲ. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಅಕ್ಷರಕ್ಕೆ ಬದಲಾಗಿ ಅದರ ಆಕಾರದ ತುಣುಕುಗಳಿಗೆ ಸಂಖ್ಯೆ ಕೊಟ್ಟವು. ರೋಮನ್ ಅಕ್ಷರ, ಚಿಹ್ನೆಗಳ ಸ್ಥಾನಗಳಲ್ಲಿ ನಮ್ಮ ಗುಣಿತ, ಒತ್ತುಗಳನ್ನು ಕೂರಿಸಿದವು. ಆ ಫಾಂಟಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಬೇಕಾದ ಪದವನ್ನು ಹುಡುಕುವುದೂ ಅಕಾರಾದಿಯಲ್ಲಿ ಜೋಡಿಸುವುದೂ ಕಷ್ಟ. ಇಲ್ಲಿ ನಷ್ಟ ಓದುಗನಿಗೇ, ಅದೂ ದಿನದಿನವೂ. ಆದುದರಿಂದ ಈ ಬಾಗಿಲನ್ನು ಮುಚ್ಚಿ ಯೂನಿಕೋಡಿಗೆ ಬರುವುದೇ ಸರಿ. ಆದರೆ ಮುಚ್ಚುವ ಮುನ್ನ ಒಳಗಿರುವವರನ್ನು ಹೊರತರಬೇಡವೆ?

ತಾತನವರು ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಊರಿನ ನೆನಪುಗಳನ್ನು ಬೆರಳಚ್ಚು ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದಾರೆಂದು ಭಾವಿಸೋಣ. ಹಳೆಯ ಫಾಂಟು ಕಣ್ಮರೆಯಾದ ದಿನ, ಅಕ್ಷರ ಅಲ್ಲಿಯೇ ಇದ್ದರೂ ಮೊಮ್ಮಕ್ಕಳ ಪಾಲಿಗೆ ಅದು ಇಲ್ಲದಂತೆಯೇ.

ಹೀಗಾಗಿ ಬಾಗಿಲು ಕೆಟ್ಟದ್ದೆ ಎಂಬ ಒಂದೇ ಪ್ರಶ್ನೆ ಸಾಲದು. ಇದ್ದರೆ ದಿನವೂ ತೊಂದರೆ ಯಾರಿಗೆ? ಕಿತ್ತರೆ ಸಿಕ್ಕಿಬೀಳುವವರು ಯಾರು? ಅವರನ್ನು ದಾಟಿಸುವ ದಾರಿಯುಂಟೆ? ಈ ಮೂರನ್ನೂ ಕೇಳಬೇಕು. ಹಳೆಯ ಕಡತಗಳ ಮಟ್ಟಿಗೆ ದಾರಿಯುಂಟು: ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಮುದ್ರಿತ ಪ್ರತಿಯೊಡನೆ ಒಮ್ಮೆ ತಾಳೆ ನೋಡಿರಿ. ಅದು ಮುಗಿಯುವವರೆಗೆ ಮೂಲ ಕಡತವನ್ನು ಅಳಿಸಬೇಡಿರಿ.