ಏಪ್ರಿಲ್ ಹತ್ತರೊಳಗೆ

ಮಾರ್ಚ್ ಬಂತೆಂದರೆ ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನ ಸುತ್ತಮುತ್ತ ಹೊಲದ ಕೆಲಸ ಹಗುರಾಗಿ ಬಿಸಿಲು ಬಲಿಯುತ್ತದೆ. ಅತ್ತ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ರಾಶಿ ಏರುತ್ತಿರುತ್ತದೆ. ಅದೇ ಹೊತ್ತಿಗೆ ಈ ಭಾಗದ ಊರೂರಿನ ಸರ್ಕಾರಿ ಕನ್ನಡ ಸಾಲಿಗಳಲ್ಲಿ ಇನ್ನೊಂದು ಸುಗ್ಗಿ ನಡೆದಿರುತ್ತದೆ. ಹಾದಿಯಲ್ಲಿ ಹೋಗುವವರಿಗೆ ಅದು ಕಾಣಿಸುವುದಿಲ್ಲ. ‘ಪರೀಕ್ಷೆ ಮುಗದ್ವು, ಇನ್ನ ಸೂಟಿ ಬಿಟ್ಹಂಗ’ ಎಂದುಕೊಂಡೇ ಎಲ್ಲರೂ ಮುಂದೆ ಹೋಗುತ್ತಾರೆ. ಒಳಗೆ ಮಾತ್ರ ಅಕ್ಕೋರು, ಮಾಸ್ತರು ಇಡೀ ವರ್ಷದಲ್ಲೇ ಅತ್ಯಂತ ಸೂಕ್ಷ್ಮವಾದ ಕೆಲಸಕ್ಕೆ ಕೈ ಹಾಕಿರುತ್ತಾರೆ. ಒಂದು ಶಾಲಾ ವರ್ಷವನ್ನು ಚೊಕ್ಕವಾಗಿ ಮುಚ್ಚುವುದು ಒಂದು ಕಸುಬು. ಅದನ್ನು ಹಾಗೆಂದು ಯಾರೂ ಕರೆಯದಿರುವುದು ನನಗೆ ಬೇಸರದ ಸಂಗತಿ.

ಈ ಕಸುಬಿಗೊಂದು ಗಡುವು ಇದೆ: ಏಪ್ರಿಲ್ 10. ಕರ್ನಾಟಕದ ಪ್ರಾಥಮಿಕ ಶಾಲೆಯಲ್ಲಿ ಓದಿದವರಿಗೆ ಈ ತಾರೀಖಿನ ಪರಿಚಯ ಮಾಡಿಕೊಡಬೇಕಿಲ್ಲ. ಹಿಂದೆ ಅಂದು ಹೆಸರು ಕೂಗಿ ಪಾಸು, ನಪಾಸು ಓದುತ್ತಿದ್ದರು. ಎದೆ ಡವಗುಟ್ಟಿಸುತ್ತಿದ್ದ ದಿನ ಅದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಎಂಟನೆಯ ತರಗತಿಯವರೆಗೆ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಪದ್ಧತಿ ನಿಂತಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳ ವಿಷಯದಲ್ಲಿ ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು. ನಪಾಸಿನ ಭಯ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಭಯದ ಜಾಗದಲ್ಲಿ ಶಿಕ್ಷಕರ ಮೇಲೆ ಹೆಚ್ಚಿನದೊಂದು ಹೊಣೆ ಬಿತ್ತು. ಮಗು ಹೇಗೂ ಮುಂದಿನ ತರಗತಿಗೆ ಹೋಗುತ್ತದೆ. ಹೋಗುವಾಗ ಏನು ಹೊತ್ತುಕೊಂಡು ಹೋಗುತ್ತಿದೆ, ಏನು ಬಿಟ್ಟು ಹೋಗುತ್ತಿದೆ ಎಂಬುದನ್ನು ಬರೆದಿಡುವವರು ಬೇಕು.

ಆ ಬರವಣಿಗೆ ಶುರುವಾಗುವುದು ಉತ್ತರ ಪತ್ರಿಕೆಯಿಂದ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಕೊನೆಯ ಸಂಕಲನಾತ್ಮಕದ ಅಂಕಗಳನ್ನು ಹಿಂದಿನವುಗಳ ಜೊತೆ ಸೇರಿಸಿ ಎ ಪ್ಲಸ್‌ನಿಂದ ಸಿ ತನಕ ಶ್ರೇಣಿ ಕೊಡುವುದು ಕೂಡು-ಕಳೆಯುವ ಲೆಕ್ಕ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಪಳಗಿದ ಕೈ ಕಾಣುವುದು ತಪ್ಪು ಉತ್ತರ ಓದುವಾಗ. ಮೂರನೆಯ ತರಗತಿಯ ಹುಡುಗ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಾನೆ. ಕೆಂಪು ಗೆರೆ ಎಳೆದು ಮುಂದೆ ಹೋಗುವುದು ಸುಲಭ. ಅನುಭವಿ ಅಕ್ಕೋರು ಅಲ್ಲಿ ನಿಲ್ಲುತ್ತಾರೆ. ಐದರಲ್ಲಿ ಎರಡು ಹೋದರೆ ಮೂರು ಸರಿ. ಬಿಡಿ ಸ್ಥಾನದಲ್ಲಿ ಮಾತ್ರ ಅವನು ಎರಡರಲ್ಲಿ ಏಳು ಕಳೆಯಲಾಗದೆ ಏಳರಲ್ಲಿ ಎರಡನ್ನು ಕಳೆದಿದ್ದಾನೆ. ಅಂದರೆ ಹುಡುಗನಿಗೆ ಕಳೆಯಲು ಬರುತ್ತದೆ, ಹತ್ತನ್ನು ಬಿಡಿಸಿಕೊಳ್ಳಲು ಬರುವುದಿಲ್ಲ. ಇನ್ನೊಬ್ಬಳು ನಾನೂರ ಎರಡನ್ನು 4002 ಎಂದು ಬರೆದಿದ್ದಾಳೆ. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸಿದ್ದಾಳೆ: ಮೊದಲು ನಾನೂರು, ಅದರ ಮುಂದೆ ಎರಡು. ಅವಳಿಗೆ ಬೇಕಾದದ್ದು ಸ್ಥಾನಬೆಲೆಯ ಪಾಠ. ಇಡೀ ಮಗ್ಗಿಯನ್ನು ಮತ್ತೆ ಬಾಯಿಪಾಠ ಮಾಡಿಸುವುದರಿಂದ ಏನೂ ಆಗದು. ಕನ್ನಡದ ಪತ್ರಿಕೆಯಲ್ಲಿ ಒಬ್ಬ ‘ಮನೆ’ಯನ್ನು ‘ಮನಿ’ ಎಂದು ಬರೆದಿದ್ದರೆ ಅವನು ಮನೆಯಲ್ಲಿ ಆಡುವ ಮಾತನ್ನು ತಪ್ಪಿಲ್ಲದೆ ಬರೆದಿದ್ದಾನೆ ಎಂದರ್ಥ, ಅವನಿಗೆ ಅಕ್ಷರ ಬರುತ್ತದೆ. ‘ಅಪ್ಪ’ನನ್ನು ‘ಅಪ’ ಮಾಡಿದವನ ಕಥೆ ಬೇರೆ, ಅವನಿಗೆ ಒತ್ತಕ್ಷರ ಇನ್ನೂ ಕೂತಿಲ್ಲ. ಎರಡಕ್ಕೂ ಕಳೆಯುವ ಅಂಕ ಒಂದೇ, ಕೊಡಬೇಕಾದ ಮದ್ದು ಬೇರೆ ಬೇರೆ. ಈ ವ್ಯತ್ಯಾಸ ಅಂಕಪಟ್ಟಿಯಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ಶಿಕ್ಷಕರು ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತಾರೆ. ಮಗುವಿನ ಹೆಸರಿನ ಮುಂದೆ ಒಂದೇ ಸಾಲು: ‘ಹತ್ತು ಬಿಡಿಸುವುದು ಬಾಕಿ’, ‘ಗಟ್ಟಿಯಾಗಿ ಓದಲು ನಾಚುತ್ತಾಳೆ, ಗೆಳತಿಯ ಜೊತೆ ಕೂಡಿಸಿದರೆ ಓದುತ್ತಾಳೆ’. ಯಾವ ಅಧಿಕಾರಿಯೂ ಈ ನೋಟ್‌ಬುಕ್ ಕೇಳುವುದಿಲ್ಲ. ನನ್ನ ಎಣಿಕೆಯಲ್ಲಿ ಶಾಲೆಯ ಅತ್ಯಂತ ಬೆಲೆಯುಳ್ಳ ದಾಖಲೆ ಇದೇ.

ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ರೂಪವಿದೆ. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಕಟ್ಟಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಇಲ್ಲಿ ಪಾಠಗಳ ಬದಲು ಮೈಲಿಗಲ್ಲುಗಳು, ಅವುಗಳನ್ನು ಜೋಡಿಸಿದ ಕಲಿಕಾ ಏಣಿ, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿರುವ ಕಾರ್ಡು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯುವವರವರೆಗೆ ಮಕ್ಕಳು ಐದು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ. ಈ ವ್ಯವಸ್ಥೆಯ ಸೊಗಸು ಪೂರ್ತಿಯಾಗಿ ತಿಳಿಯುವುದು ವರ್ಷದ ಕೊನೆಯಲ್ಲಿ. ಏಣಿಯ ಯಾವ ಮೆಟ್ಟಿಲ ಮೇಲೆ ಮಗು ಏಪ್ರಿಲ್‌ನಲ್ಲಿ ನಿಂತಿತೋ ಜೂನ್‌ನಲ್ಲಿ ಅಲ್ಲಿಂದಲೇ ಹತ್ತಬೇಕು ಎಂಬುದು ಇದರ ಮೂಲ ಆಶಯ. ಹಾಗಾಗಿ ಪ್ರಗತಿ ನೋಟದಲ್ಲಿ ಕೊನೆಯ ಗುರುತು ಹಾಕುವಾಗ ಅಂದಾಜು ಸಾಲದು. ಮಗುವನ್ನು ಪಕ್ಕಕ್ಕೆ ಕರೆದು ಆ ಮೆಟ್ಟಿಲಿನ ಚಟುವಟಿಕೆಯನ್ನು ಇನ್ನೊಮ್ಮೆ ಮಾಡಿಸಿ ನೋಡಿಯೇ ಗುರುತು ಹಾಕಬೇಕು.

ಗುರುತು ಹಾಕಿದ ಮೇಲೆ ಕಾರ್ಡುಗಳ ಸರದಿ. ಪ್ರಾಣಿ, ಹಕ್ಕಿ, ಹೂವಿನ ಲಾಂಛನ ನೋಡಿ ವಿಂಗಡಿಸಿ, ಮೈಲಿಗಲ್ಲಿನ ಕ್ರಮದಲ್ಲಿ ಜೋಡಿಸಿ, ಎಣಿಸಿ, ರಬ್ಬರ್ ಹಾಕಿ ಕಟ್ಟಬೇಕು. ಮೂಲೆ ಮಡಿಚಿದವು, ನೀರು ಬಿದ್ದವು, ಯಾರದೋ ಪಾಟೀಚೀಲದಲ್ಲಿ ಮನೆ ಸೇರಿದವು ಎಷ್ಟೋ. ಕಳೆದುಹೋದ ಒಂದೇ ಕಾರ್ಡು ಜೂನ್‌ನಲ್ಲಿ ಏಣಿಯ ಒಂದು ಮೆಟ್ಟಿಲನ್ನೇ ಇಲ್ಲವಾಗಿಸುತ್ತದೆ. ಅದಕ್ಕೆ ರಟ್ಟು ಕತ್ತರಿಸಿ, ಚಿತ್ರ ಬರೆದು ಹೊಸ ಕಾರ್ಡು ಮಾಡಿಡುತ್ತಾರೆ. ತಲೆಯ ಮೇಲಿನ ಚಪ್ಪರದಲ್ಲಿ ವರ್ಷವೆಲ್ಲ ತೂಗಿದ ಕಾಗದದ ಹಕ್ಕಿ, ಬಣ್ಣದ ಸರ, ಮಕ್ಕಳ ಚಿತ್ರಗಳನ್ನು ಇಳಿಸಿ, ಅವರವರ ಕೃತಿ ಸಂಪುಟಕ್ಕೆ ಹಾಕಬೇಕಾದುದನ್ನು ಆರಿಸುತ್ತಾರೆ. ಆರಿಸುವಾಗ ಕಣ್ಣಿಗೆ ಅಂದವಾದುದನ್ನೇ ಎತ್ತಿಕೊಳ್ಳುವ ಚಪಲ ಬರುತ್ತದೆ. ಜೂನ್‌ನ ಸೊಟ್ಟ ಅಕ್ಷರದ ಹಾಳೆ, ಮಾರ್ಚಿನ ನೆಟ್ಟಗಿನ ಅಕ್ಷರದ ಹಾಳೆ ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಸಂಪುಟಕ್ಕೆ ಅರ್ಥ ಬರುವುದು.

ಇನ್ನು ಕಚೇರಿಯ ಕೋಣೆ. ಹಾಜರಾತಿ ಪುಸ್ತಕದ ಮೊತ್ತ ಕೂಡಿಸುವುದು ಯಾಂತ್ರಿಕ ಕೆಲಸವೆಂದು ತೋರಬಹುದು. ಓದಬಲ್ಲವರಿಗೆ ಅದರಲ್ಲಿ ಊರೇ ಕಾಣುತ್ತದೆ. ಫೆಬ್ರವರಿಯಿಂದ ಈಚೆಗೆ ಒಬ್ಬ ಹುಡುಗಿಯ ಹೆಸರಿನ ಮುಂದೆ ಗೈರುಗಳು ಸಾಲಾಗಿ ನಿಂತಿದ್ದರೆ ಅವಳ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿರಬಹುದು, ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳುವವರು ಇವಳೊಬ್ಬಳೇ ಇರಬಹುದು. ಅವಳ ಕಡಿಮೆ ಅಂಕವನ್ನು ಈ ಪುಟದ ಪಕ್ಕದಲ್ಲಿಟ್ಟು ಓದಬೇಕು.

ದಾಖಲಾತಿ ವಹಿ ಮತ್ತು ವರ್ಗಾವಣೆ ಪತ್ರದ ಮಾತು ಬಂದಾಗ ಹಿರಿಯ ಮುಖ್ಯ ಶಿಕ್ಷಕರ ಧ್ವನಿಯೇ ಬದಲಾಗುತ್ತದೆ. ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಹೊರಟ ಮಗುವಿಗೆ ಕೊಡುವ ಆ ಹಾಳೆಯಲ್ಲಿ ಹೆಸರು, ತಂದೆ-ತಾಯಿಯ ಹೆಸರು, ಜಾತಿ, ಅಂಕಿಯಲ್ಲೂ ಅಕ್ಷರದಲ್ಲೂ ಹುಟ್ಟಿದ ದಿನಾಂಕ ಇರುತ್ತವೆ. ಮುಂದೆ ವಿದ್ಯಾರ್ಥಿವೇತನ, ನೌಕರಿ, ಪಾಸ್‌ಪೋರ್ಟು ಯಾವುದಕ್ಕೇ ಹೋದರೂ ಈ ಸಾಲುಗಳು ಹಿಂಬಾಲಿಸುತ್ತವೆ. ಒಂದು ದೀರ್ಘ ತಪ್ಪಿದರೆ ಇಪ್ಪತ್ತು ವರ್ಷದ ನಂತರ ಆ ಮನುಷ್ಯ ಅಫಿಡವಿಟ್ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಬೇಕಾಗುತ್ತದೆ. ಈಗ ವಿವರಗಳೆಲ್ಲ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿವೆ. ಆದರೂ ಹಳೆಯ ವಹಿಯನ್ನು ತೆರೆದಿಟ್ಟು, ಒಬ್ಬರು ಓದಿ ಇನ್ನೊಬ್ಬರು ಪರದೆ ನೋಡಿ ತಾಳೆ ಹಾಕುವ ಪದ್ಧತಿಯನ್ನು ಬಲ್ಲವರು ಬಿಟ್ಟಿಲ್ಲ. ಆ ವಹಿಗಳೇ ಒಂದು ಚರಿತ್ರೆ. ಈ ಸೀಮೆ 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯದ ಧಾರವಾಡ ಜಿಲ್ಲೆಯಾಯಿತು. ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಒಂದೇ ಬೆಂಚಿನ ಅಜ್ಜ, ಮಗ, ಮೊಮ್ಮಗನ ವರ್ಗಾವಣೆ ಪತ್ರಗಳ ಮೇಲೆ ರಾಜ್ಯ, ಜಿಲ್ಲೆಗಳ ಹೆಸರು ಬೇರೆ ಬೇರೆ ಇರುತ್ತದೆ, ಊರು ಮಾತ್ರ ಅದೇ.

ಬಿಸಿಯೂಟದ ಕೋಣೆಯಲ್ಲೂ ಲೆಕ್ಕ ಮುಗಿಯಬೇಕು. ಉಳಿದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ತೂಗಿ ದಾಸ್ತಾನು ವಹಿಯಲ್ಲಿ ಬರೆಯುತ್ತಾರೆ. ಬೇಸಿಗೆಯ ಧಗೆಯಲ್ಲಿ ಅಕ್ಕಿಗೆ ನುಸಿ ಹತ್ತದೆ ಬಿಡುವುದಿಲ್ಲ. ಕೊನೆಯ ತಿಂಗಳಲ್ಲಿ ಬೇಡಿಕೆಯನ್ನು ಅಳೆದು ಬರೆದು, ಸೂಟಿ ಬಿಡುವ ಹೊತ್ತಿಗೆ ಚೀಲ ಬರಿದಾಗುವಂತೆ ನೋಡಿಕೊಳ್ಳುವುದು ಅಡುಗೆಯವರ ಮತ್ತು ಮುಖ್ಯ ಶಿಕ್ಷಕರ ಜಂಟಿ ಜಾಣತನ. ಬರದ ವರ್ಷ ಈ ಲೆಕ್ಕ ತಲೆಕೆಳಗಾಗುತ್ತದೆ. ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದ ಕಾರಣ 2024ರ ಬೇಸಿಗೆ ರಜೆಯಲ್ಲೂ ಬರದ ತಾಲೂಕುಗಳಲ್ಲಿ ಮಧ್ಯಾಹ್ನದ ಊಟ ನಡೆಯಿತು. ಪಾಠವಿಲ್ಲದ ಶಾಲೆಯಲ್ಲಿ ಒಲೆ ಹೊತ್ತಿಸಿದ ಆ ಅಡುಗೆಯವರಿಗೆ ನಾವು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿ ಇದೆ.

ಏಳನೆಯವರ ಬೀಳ್ಕೊಡುಗೆ, ಸರಸ್ವತಿ ಪೂಜೆ, ಗೋಧಿ ಹುಗ್ಗಿಯ ಊಟ, ಮಕ್ಕಳೇ ದುಡ್ಡು ಕೂಡಿಸಿ ಶಾಲೆಗೆ ಕೊಡುವ ಗೋಡೆ ಗಡಿಯಾರ ಇವೆಲ್ಲ ಸಂಭ್ರಮದ ಮಾತು. ನಾನು ಹೆಚ್ಚು ಹೊತ್ತು ನಿಂತು ನೋಡಬಯಸುವುದು ಫಲಿತಾಂಶದ ದಿನದ ಪಾಲಕರ ಸಭೆಯನ್ನು. ಇಲಾಖೆ ಅದನ್ನು ‘ಸಮುದಾಯದತ್ತ ಶಾಲೆ’ ಎಂದು ಕರೆಯುತ್ತದೆ. ಸೆರಗು ಹೊದ್ದು ಬಾಗಿಲ ಬಳಿ ನಿಂತ ತಾಯಿ ಕೇಳುವುದು ಒಂದೇ ಪ್ರಶ್ನೆ.

‘ಅಕ್ಕೋರ, ನಮ್ಮ ಹುಡುಗ ಪಾಸಾಗ್ಯಾನೇನ್ರಿ?’

‘ಆಗ್ಯಾನ ಬೇ ಯವ್ವಾ, ಒಳಗ ಬಾ, ಕುಂದರು. ಚಲೋ ಓದತಾನ. ಭಾಗಾಕಾರದಾಗ ಒಂದೀಟು ತಡವರಸ್ತಾನ. ಸೂಟ್ಯಾಗ ದಿನಾ ಎರಡs ಎರಡು ಲೆಕ್ಕ ಮಾಡಸು, ಸಾಕು.’

‘ನನಗ ಓದಾಕ ಬರೂದಿಲ್ರಿ.’

‘ಓದಬ್ಯಾಡ. ಸಂತಿಗೆ ಕರಕೊಂಡು ಹೋಗು. ಇಪ್ಪತ್ತು ರೂಪಾಯಿಗೆ ಕಿಲೋ ಉಳ್ಳಾಗಡ್ಡಿ ಆದ್ರ ಐವತ್ತಕ್ಕ ಎಷ್ಟು ಬರ್ತಾವ ಅಂತ ಅವನ್ನ ಕೇಳು. ಅಂವಾ ಹೇಳಲಿ, ನೀ ದುಡ್ಡು ಎಣಿಸು.’

ಅಕ್ಷರ ಬಾರದ ತಾಯಿಯನ್ನು ಸೂಟಿಯ ಮಟ್ಟಿಗೆ ಮಗನ ಶಿಕ್ಷಕಿಯನ್ನಾಗಿ ಮಾಡಿದ ಮಾತು ಇದು. ‘ನಿಮ್ಮ ಹುಡುಗನಿಗೆ ಬಿ ಪ್ಲಸ್’ ಎಂದಷ್ಟೇ ಹೇಳಿದ್ದರೆ ಆ ತಾಯಿ ಪ್ರಗತಿ ಪತ್ರವನ್ನು ಮಡಿಚಿ ಟ್ರಂಕಿನಲ್ಲಿ ಇಡುತ್ತಿದ್ದಳು.

ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಎಂದರೆ 48 ದಿನ. ಆ ದಿನಗಳಲ್ಲಿ ಕಲಿತದ್ದು ಎಷ್ಟು ಜಾರೀತು? ಕೋವಿಡ್ ಕಾಲ ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿತ್ತು. ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಶೇ 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ 82. ಬೇಸಿಗೆಯ ಸೂಟಿ ಅಷ್ಟು ಉದ್ದದ್ದಲ್ಲ, ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಜಾರುವ ದಿಕ್ಕು ಅದೇ. ಹಾಗೆಂದು ಪಠ್ಯವನ್ನು ಐದು ಸಲ ನಕಲು ಮಾಡಿ ತರಲು ಹೇಳುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಆ ಕೆಲಸ ಮೇ 28ರ ರಾತ್ರಿ ಅಕ್ಕನ ಕೈಬರಹದಲ್ಲಿ ಮುಗಿಯುತ್ತದೆ. ತಿಳಿದವರು ಬೇರೆ ಕೆಲಸ ಹಚ್ಚುತ್ತಾರೆ: ಅಜ್ಜಿಯಿಂದ ಹತ್ತು ಒಗಟು ಕೇಳಿ ಬರೆದುಕೊಂಡು ಬಾ, ಜಾತ್ರೆಯಲ್ಲಿ ಕೊಂಡ ಸಾಮಾನಿನ ಲೆಕ್ಕ ಇಡು, ಮನೆಯ ಬಾಗಿಲ ಉದ್ದ-ಅಗಲ ಅಳೆ, ಸೋದರಮಾವನ ಊರಿಗೆ ಹೋದ ದಾರಿಯ ನಕ್ಷೆ ಬರೆ. ಓದುವ ಮಕ್ಕಳಿಗೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯದ ದಾರಿ ತೋರಿಸುತ್ತಾರೆ. ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದ ಮೇಲೆ ಹಲವೆಡೆ ಅಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಶಾಲೆಯ ಕಪಾಟಿನ ಕಥೆ ಪುಸ್ತಕಗಳನ್ನು ರಜೆಗೆ ಮನೆಗೆ ಕೊಟ್ಟು ಕಳಿಸುವ ಧೈರ್ಯವನ್ನೂ ಕೆಲವರು ಮಾಡುತ್ತಾರೆ. ಹಾಳೆ ಹರಿದು ಬಂದರೂ ಅಡ್ಡಿಯಿಲ್ಲ, ಬೀಗದೊಳಗೆ ಗೆದ್ದಲು ತಿನ್ನುವುದಕ್ಕಿಂತ ಮಗು ಹರಿಯುವುದೇ ಮೇಲು. ಮುಗಿದ ತರಗತಿಯ ಪಠ್ಯಪುಸ್ತಕಗಳನ್ನು ಮಾತ್ರ ಮರಳಿ ಪಡೆದು, ಸುಸ್ಥಿತಿಯಲ್ಲಿದ್ದವನ್ನು ಪುಸ್ತಕ ಬ್ಯಾಂಕಿಗೆ ಕಟ್ಟಿಡುತ್ತಾರೆ. ಜೂನ್‌ನಲ್ಲಿ ಹೊಸ ಪುಸ್ತಕ ಬರುವುದು ತಡವಾದರೆ ಅವೇ ಕೈಗೆ ಬರುತ್ತವೆ.

ಶಾಲೆ ತೆರೆದ ಮೊದಲ ವಾರಗಳಲ್ಲಿ ನಡೆಯುವ ಸೇತುಬಂಧದಲ್ಲಿ ಆ ಒಂದು ಸಾಲಿನ ನೋಟ್‌ಬುಕ್ ಮತ್ತೆ ಹೊರಬರುತ್ತದೆ. ನೈದಾನಿಕ ಪರೀಕ್ಷೆ ಮಾಡಿ, ಬಾಕಿಯಿರುವುದನ್ನು ಕಲಿಸಿ, ಸಾಫಲ್ಯ ಪರೀಕ್ಷೆ ಮಾಡಿ ಹೊಸ ಪಾಠಕ್ಕೆ ಹೋಗುವುದು ನಿಯಮ. ಏಪ್ರಿಲ್‌ನಲ್ಲಿ ಸರಿಯಾಗಿ ಬರೆದಿಟ್ಟ ಶಾಲೆಯಲ್ಲಿ ನೈದಾನಿಕ ಪರೀಕ್ಷೆಯ ಅರ್ಧ ಕೆಲಸ ಮುಗಿದಿರುತ್ತದೆ: ಸೂಟಿಗೆ ಮುಂಚೆಯೇ ಯಾರಿಗೆ ಬರುತ್ತಿರಲಿಲ್ಲ, ಸೂಟಿಯಲ್ಲಿ ಯಾರು ಮರೆತರು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಮರೆತವರಿಗೆ ಎರಡು ದಿನದ ನೆನಪು ಸಾಕು. ಬಾರದವರಿಗೆ ಬೇರೆ ಹಾದಿಯನ್ನೇ ಹುಡುಕಬೇಕು. ಶಿಕ್ಷಕರಿಗೆ ನಡುವೆ ವರ್ಗಾವಣೆಯಾಗಿ ಬೇರೆಯವರು ಬಂದಿದ್ದರೂ ಆ ಸಾಲುಗಳನ್ನು ಓದಿ ಮೊದಲ ದಿನವೇ ಹುಡುಗನ ಪಕ್ಕ ಕೂತು, ಒಂದು ಹತ್ತರ ಕಟ್ಟನ್ನು ಬಿಚ್ಚಿ, 52ರಲ್ಲಿ 27ನ್ನು ಕಡ್ಡಿಗಳಿಂದ ಕಳೆಯಿಸಲು ಶುರುಮಾಡಬಹುದು.