ಆನಂದಪುರದ ಸಭೆ ಹುಟ್ಟಿದ ಬಗೆ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ನಂಥ ಬಡಾವಣೆಗಳಲ್ಲಿ ಒಂದು ಕ್ರೈಸ್ತ ಸಭೆ ಹುಟ್ಟುವ ಬಗೆ ನಮಗೆ ಗೊತ್ತಿರುವಂಥದ್ದೇ. ನೌಕರಿ, ವರ್ಗಾವಣೆ, ಮಕ್ಕಳ ಓದು ಎಂದು ಊರು ಬಿಟ್ಟು ಬಂದ ನಾಲ್ಕಾರು ಕುಟುಂಬಗಳು ಯಾರದೋ ಮನೆಯ ಹಾಲ್‌ನಲ್ಲಿ ಭಾನುವಾರ ಸೇರುತ್ತವೆ. ಹಳೆಯ ಊರಿನ ಸಭಾಪಾಲಕರು ಬರೆದುಕೊಟ್ಟ ಸದಸ್ಯತ್ವದ ಪತ್ರವನ್ನು ಹೊಸ ಸಭೆಗೆ ಒಪ್ಪಿಸುತ್ತವೆ. ಆಮೇಲೆ ನಿವೇಶನ, ಅಡಿಪಾಯ, ಪ್ರತಿಷ್ಠೆ. ಇಲ್ಲಿಗೆ ಬರುವವರು ನಂಬಿಕೆಯನ್ನು ಕಟ್ಟಿಕೊಂಡೇ ಬಂದಿರುತ್ತಾರೆ. ಬಾಡಿಗೆ ಮನೆಯ ಮಾಲೀಕರಿಗೂ ಭಾನುವಾರದ ಆರಾಧನೆಗೂ ಸಂಬಂಧವಿರುವುದಿಲ್ಲ.

ಹಳ್ಳಿಯಲ್ಲಿ ಮೊದಲ ಸಭೆ ಹೀಗೆ ಹುಟ್ಟಲಿಲ್ಲ. ಅಲ್ಲಿ ಪತ್ರ ತರಲು ಹಿಂದೊಂದು ಸಭೆಯೇ ಇರಲಿಲ್ಲ. ಒಬ್ಬ ಮನುಷ್ಯ ದೀಕ್ಷಾಸ್ನಾನ ಪಡೆದ ಮರುದಿನ ಅವನ ಮುಂದೆ ನಿಲ್ಲುತ್ತಿದ್ದ ಪ್ರಶ್ನೆಗಳು ಬೇರೆಯವು. ಇವತ್ತು ರಾತ್ರಿ ಎಲ್ಲಿ ಮಲಗುವುದು? ನೀರು ಎಲ್ಲಿ ಸೇದುವುದು? ನಾಳೆ ಯಾರ ಗದ್ದೆಯಲ್ಲಿ ಕೆಲಸ? ಕನ್ನಡ ನಾಡಿನ ಹಳ್ಳಿಸಭೆಗಳ ಮೊದಲ ದಿನಗಳನ್ನು ತಿಳಿಯಬೇಕಾದರೆ ಪಾದ್ರಿಗಳ ಪ್ರಸಂಗಗಳಿಗಿಂತ ಮೊದಲು ಜಮೀನಿನ ಲೆಕ್ಕ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕೊಡಗಿನ ಆನಂದಪುರಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಭಾರತಕ್ಕೆ ಬಂದ ಮೊದಲ ಮೂವರು ಪಾದ್ರಿಗಳು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರು ತಲುಪಿದ್ದು 1834ರ ಅಕ್ಟೋಬರಿನಲ್ಲಿ. ಕಂಪನಿ ಸರ್ಕಾರ ಅರಸ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶಪಡಿಸಿಕೊಂಡದ್ದೂ ಅದೇ ವರ್ಷ. ಎರಡು ವರ್ಷದ ನಂತರ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡಿಗರಿಗೆ ಪರಿಚಿತರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದವರು, ಹಳಗನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದವರು. ಕೊಡಗಿಗೆ ಹೋಗಬೇಕೆಂದು ಅವರಿಗೆ ಹೇಳಿದ್ದು ಬಾಸೆಲ್‌ನ ಸಮಿತಿಯಲ್ಲ. ಅವರನ್ನು ಎಳೆದೊಯ್ದವರು ಆಲಮಂಡ ಸೋಮಯ್ಯ ಎಂಬ ಕೊಡವರು.

ಸೋಮಯ್ಯನವರು ಮನೆ ಬಿಟ್ಟು ಸನ್ಯಾಸಿಯಂತೆ ಬದುಕುತ್ತಿದ್ದರು. 1852ರ ಕೊನೆಯಲ್ಲಿ ತಾವಾಗಿಯೇ ಘಟ್ಟ ಇಳಿದು ಮಂಗಳೂರಿಗೆ ಬಂದು ಮೋಗ್ಲಿಂಗರನ್ನು ಕಂಡರು. 1853ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಸ್ತೆಫನ ಎಂದಾದರು. ಅವರು ಮಂಗಳೂರಿನಲ್ಲೇ ಉಳಿದಿದ್ದರೆ ಸಂಗತಿ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಮನೆಗೆ ಮರಳಲು ಹೊರಟರು. ಮೋಗ್ಲಿಂಗ್ ಜೊತೆಗೆ ಹೊರಟರು.

ಇಲ್ಲಿ ಕೊಡವರ ಮನೆಯೊಳಗಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಇಳಿದು ಬಂದ ಕುಲ. ಅದಕ್ಕೊಂದು ಮೂಲಮನೆ, ಅಂದರೆ ಐನ್‌ಮನೆ. ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಉರಿಯುತ್ತದೆ. ಹೊರಗೆ ಕೈಮಡ, ಅಲ್ಲಿ ಕುಲದ ಮೂಲಪುರುಷ ಗುರು ಕಾರಣನಿಗೆ ಎಡೆ. ಸುಗ್ಗಿಹಬ್ಬ ಪುತ್ತರಿಯ ಕದಿರು ಕೊಯ್ದು ತರುವಾಗ ಒಕ್ಕದವರೆಲ್ಲ ಸೇರಬೇಕು. ಗದ್ದೆ ಯಾರೊಬ್ಬರದೂ ಅಲ್ಲ, ಅದು ಇಡೀ ಒಕ್ಕದ ಜಮ್ಮ, ಅಂದರೆ ವಂಶಪಾರಂಪರ್ಯದ ಹಿಡುವಳಿ. ಹೀಗಿರುವಾಗ ಮನೆಯ ಗಂಡಸೊಬ್ಬ ಆ ದೀಪಕ್ಕೆ ಕೈಮುಗಿಯುವುದಿಲ್ಲ, ಕಾರಣನ ಎಡೆಯನ್ನು ಉಣ್ಣುವುದಿಲ್ಲ ಎಂದರೆ ಅದು ಬರೀ ಮನಸ್ಸಿನ ವಿಚಾರವಾಗಿ ಉಳಿಯುವುದಿಲ್ಲ. ಊಟದ ಸಾಲು, ಹೆಣ್ಣು ಕೊಟ್ಟು ತರುವ ಸಂಬಂಧ, ಗದ್ದೆಯ ಪಾಲು ಎಲ್ಲವೂ ಒಟ್ಟಿಗೆ ಅಲುಗುತ್ತವೆ. ಕುಲದವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಕಾಪಾಡಿಕೊಂಡು ಬಂದದ್ದರ ಬುಡಕ್ಕೇ ಪೆಟ್ಟು ಬಿದ್ದಿತ್ತು. ಸ್ತೆಫನರಿಗೆ ಕುಲದಿಂದ ಬಹಿಷ್ಕಾರವಾಯಿತು. ಮತ ಬದಲಿಸಿದವನ ಆಸ್ತಿಹಕ್ಕು ಹೋಗುವುದಿಲ್ಲ ಎಂದು ಕಂಪನಿ ಸರ್ಕಾರದ 1850ರ 21ನೇ ಕಾಯ್ದೆ ಹೇಳುತ್ತಿತ್ತು. ಆದರೆ ನೆಂಟರ ಮನೆಯ ಬಾಗಿಲು ತೆರೆಸುವ ಕಾಯ್ದೆ ಯಾವುದೂ ಇಲ್ಲ. ಅವರ ಹೆಂಡತಿ ಮಕ್ಕಳು ಮೊದಲು ಒಪ್ಪದೆ, ಆಮೇಲೆ ಅದೇ ದಾರಿ ಹಿಡಿದರು.

ಒಬ್ಬ ಕೊಡವ ಬಂದರೆ ಇಡೀ ಕೊಡವ ಜನಾಂಗವೇ ಹಿಂದೆ ಬರುತ್ತದೆಂಬ ದೊಡ್ಡ ಆಸೆ ಮೋಗ್ಲಿಂಗರಿಗಿತ್ತು. 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಅವರ ‘ಕೂರ್ಗ್ ಮೆಮಾಯರ್ಸ್’ ಆ ದಿನಗಳಲ್ಲಿ ಮೂಡಿದ ಪುಸ್ತಕ. ಆಸೆ ಈಡೇರಲಿಲ್ಲ. ಕೊಡವರು ಶಾಲೆಗೆ ಬಂದರು, ಇಂಗ್ಲಿಷ್ ಕಲಿತರು, ಪಾದ್ರಿಗಳ ಸ್ನೇಹ ಮಾಡಿದರು. ಸಭೆಗೆ ಮಾತ್ರ ಬರಲಿಲ್ಲ.

ಬಂದವರು ಬೇರೆಯವರು. ಕೊಡವರ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ, ದಾಖಲೆಗಳು ಹೊಲೆಯರು ಎಂದು ಕರೆಯುವ ಜನ. ಅವರ ಸ್ಥಿತಿಯನ್ನು ಆ ಕಾಲದ ಬರಹಗಳು ಎರಡು ಹೆಸರಿನಲ್ಲಿ ದಾಖಲಿಸಿವೆ. ಭೂಮಿ ಜಮ್ಮದಾಳು ಮಣ್ಣಿಗೆ ಕಟ್ಟುಬಿದ್ದವನು. ಗದ್ದೆ ಕೈ ಬದಲಿಸಿದರೆ ಅವನೂ ಗದ್ದೆಯ ಜೊತೆ ಹೊಸ ಒಡೆಯನಿಗೆ ಸೇರಿದ. ಒಕ್ಕಲು ಜಮ್ಮದಾಳು ಮನೆತನಕ್ಕೆ ಕಟ್ಟುಬಿದ್ದವನು. ಅವನನ್ನು ಒಡೆಯ ಬೇಕಾದವರಿಗೆ ಕೊಡಬಹುದಿತ್ತು. ಗುಲಾಮಗಿರಿಯ ಹಕ್ಕನ್ನು ಯಾವ ನ್ಯಾಯಾಲಯವೂ ಎತ್ತಿಹಿಡಿಯಬಾರದೆಂದು 1843ರ 5ನೇ ಕಾಯ್ದೆ ಬಂದಿತ್ತು. ಆದರೆ ಆಳಿನ ಗುಡಿಸಲು ನಿಂತಿದ್ದದ್ದು ಒಡೆಯನ ಜಾಗದಲ್ಲಿ. ಅವನ ಕೂಲಿಯ ಭತ್ತ ಬರುತ್ತಿದ್ದದ್ದು ಒಡೆಯನ ಕಣಜದಿಂದ. ಕಾಯ್ದೆ ಬಂದ ಮಾತ್ರಕ್ಕೆ ಎದ್ದು ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ.

ಸ್ತೆಫನರ ಗದ್ದೆಯಲ್ಲೂ ಇಂಥ ಆಳುಗಳಿದ್ದರು. ನಿಜವಾದ ಸಭೆ ಶುರುವಾದದ್ದು ಇವರಿಂದ. ಪಾದ್ರಿಯ ಬಳಿ ಕೂತು ಕನ್ನಡದ ಅಕ್ಷರ ತಿದ್ದುವುದು, ಪ್ರಾರ್ಥನೆಯಲ್ಲಿ ಒಡೆಯನ ಪಕ್ಕ ಕೂರುವುದು, ಬಟ್ಟಲೊಂದನ್ನು ಕೈಯಿಂದ ಕೈಗೆ ದಾಟಿಸುವ ಪ್ರಭುಭೋಜನ: ಇದೆಲ್ಲ ಅವರಿಗೆ ಏನಾಗಿ ಕಂಡಿತೆಂದು ಅವರೇ ಬರೆದಿಟ್ಟಿಲ್ಲ. ಆದರೆ ಅವರು ಮುಂದೆ ಮಾಡಿದ ಆಯ್ಕೆ ನಮ್ಮ ಮುಂದಿದೆ. ಒಡೆಯರ ನೆಲದ ಮೇಲೆ ಕ್ರೈಸ್ತರಾಗಿ ಬದುಕುವುದು ಆಗದ ಮಾತಾಗಿತ್ತು. ಹಾಗಾಗಿ ಬೇರೆ ನೆಲ ಬೇಕಾಯಿತು.

ಆ ನೆಲ ದಕ್ಷಿಣ ಕೊಡಗಿನ ಅಮ್ಮತ್ತಿಯ ಬಳಿ ಸಿಕ್ಕಿತು. 1850ರ ದಶಕದ ಕೊನೆಯಲ್ಲಿ ಅಲ್ಲಿ ಎದ್ದ ಊರೇ ಆನಂದಪುರ. ಅದನ್ನು ಕಟ್ಟುವುದರಲ್ಲಿ ಮೋಗ್ಲಿಂಗರ ಜೊತೆ ಹರ್ಮನ್ ಆನಂದರಾವ್ ಕೌಂಡಿನ್ಯರ ಪಾಲೂ ಇತ್ತು. ಕೌಂಡಿನ್ಯರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರು. 1844ರಲ್ಲಿ ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಗಲಭೆಯೇ ಎದ್ದಿತ್ತು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದವರು. ಬ್ರಾಹ್ಮಣ ಮನೆಯಿಂದ ಬಂದ ಒಬ್ಬ ಕನ್ನಡನಾಡಿನ ಪಾದ್ರಿ, ಹೊಲೆಯರ ಊರೊಂದು ಏಳಲು ಹೆಗಲು ಕೊಟ್ಟದ್ದು 19ನೇ ಶತಮಾನದ ನಡುವಿನಲ್ಲಿ ಸಣ್ಣ ಮಾತಲ್ಲ. ನಮ್ಮ ಸಾಮಾಜಿಕ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬ ಬೇಸರ ನನಗಿದೆ.

ಕಾಲವೂ ಕೂಡಿಬಂದಿತ್ತು. ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ 1854ರಲ್ಲಿ ಶುರುವಾಯಿತು. ಕಾಫಿಗೆ ಕೂಲಿ ಬೇಕು, ಕೂಲಿಗೆ ಕಾಸು ಕೊಡಬೇಕು. ಕಣಜದ ಭತ್ತದ ಹಂಗಿಲ್ಲದೆ ಬದುಕಬಹುದೆಂಬ ದಾರಿ ಕೊಡಗಿನಲ್ಲಿ ಮೊದಲ ಸಲ ತೆರೆದದ್ದು ಆಗ. ಆನಂದಪುರದ ಜನರೂ ಕಾಫಿ ಗಿಡ ನೆಟ್ಟರು. ಕಾಫಿ ಬರದಿದ್ದರೆ ಈ ಸಭೆ ಹತ್ತು ವರ್ಷ ಬಾಳುತ್ತಿತ್ತೇ ಎಂಬುದು ನನಗೆ ಅನುಮಾನ. ಇದನ್ನು ಕೇಳಿ ಕೆಲವರು, ಹಾಗಾದರೆ ಅವರು ನೆಲಕ್ಕಾಗಿ ಕ್ರೈಸ್ತರಾದರು ಅನ್ನುತ್ತಾರೆ. ತಲೆಮಾರುಗಟ್ಟಲೆ ಜಮ್ಮದಾಳಾಗಿದ್ದವರ ಬದುಕಿನಲ್ಲಿ ದೇವರನ್ನೂ ನೆಲವನ್ನೂ ಬೇರೆ ಬೇರೆ ಮಾಡಿ ಕೇಳುವುದು ಹೊಟ್ಟೆ ತುಂಬಿದವರ ಪ್ರಶ್ನೆ. ಸೋಮಯ್ಯನವರಿಗೆ ಕಳೆದುಕೊಳ್ಳಲು ಜಮ್ಮ ಇತ್ತು, ಅವರ ಆಳುಗಳಿಗೆ ಕಳೆದುಕೊಳ್ಳಲು ಅದೂ ಇರಲಿಲ್ಲ. ಇಬ್ಬರ ನಂಬಿಕೆಯನ್ನೂ ಒಂದೇ ಗೌರವದಿಂದ ಕಾಣಬೇಕು.

ಆನಂದಪುರದ ಜೊತೆಗೆ ಇನ್ನೊಂದು ಪಂಥದ ಹಳ್ಳಿಸಭೆಗಳನ್ನೂ ನೋಡಬೇಕು. ಬಾಸೆಲ್‌ನವರು ಕೂಸುಗಳಿಗೂ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವ ಪಂಥದವರು. ಬ್ಯಾಪ್ಟಿಸ್ಟರ ಕ್ರಮ ಬೇರೆ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಇಂಗ್ಲಿಷ್ ನಿರಾಶ್ರಿತರ ನಡುವೆ, ಜಾನ್ ಸ್ಮಿತ್ ಎಂಬ ಬೋಧಕರಿಂದ ಶುರುವಾದ ಈ ಪಂಥದಲ್ಲಿ, ತಿಳಿವಳಿಕೆ ಬಂದವನು ತನ್ನ ಬಾಯಿಂದಲೇ ನಂಬಿಕೆಯನ್ನು ಹೇಳಿಕೊಂಡ ಮೇಲಷ್ಟೇ ಸ್ನಾನ. ನೀರಿನಲ್ಲಿ ಪೂರ್ತಿ ಮುಳುಗಿ ಏಳುವ ರೂಢಿ ಆಮೇಲೆ ನೆಲೆಯಾಯಿತು. ಪ್ರತಿ ಸಭೆಯೂ ಸ್ವತಂತ್ರ. ಸದಸ್ಯರನ್ನು ಸೇರಿಸಿಕೊಳ್ಳುವುದು, ಪಾಲಕರನ್ನು ಆರಿಸುವುದು ಸಭೆಯವರದೇ ತೀರ್ಮಾನ. ಬಂಗಾಳದ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ವಿಲಿಯಂ ಕೇರಿ 1817ರಲ್ಲಿ ಕನ್ನಡದ ವ್ಯಾಕರಣ ಪ್ರಕಟಿಸಿದರು. 1823ರಲ್ಲಿ ಅಲ್ಲಿಂದಲೇ ಕನ್ನಡದ ಹೊಸ ಒಡಂಬಡಿಕೆ ಹೊರಬಂತು. ಹೀಗೆ ಬ್ಯಾಪ್ಟಿಸ್ಟರ ಪುಸ್ತಕ ನಮ್ಮಲ್ಲಿಗೆ ಬೇಗ ಬಂತು. ಅವರ ಹಳ್ಳಿಸಭೆಗಳು ದೊಡ್ಡದಾಗಿ ಬೆಳೆದದ್ದು ಮಾತ್ರ ಪಕ್ಕದ ತೆಲುಗು ನಾಡಿನಲ್ಲಿ. ಆನಂದಪುರವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತವೆ.

ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೌ ಅವರ ಮಿಷನ್ನಿನಲ್ಲಿ 1866ರಲ್ಲಿ ಯರ್ರಗುಂಟ್ಲ ಪೇರಯ್ಯ ಮತ್ತು ಅವರ ಹೆಂಡತಿ ನಾಗಮ್ಮ ಸ್ನಾನ ಪಡೆದರು. ಪೇರಯ್ಯ ಮಾದಿಗರು, ತೊಗಲಿನ ವ್ಯಾಪಾರದವರು. ವ್ಯಾಪಾರಕ್ಕಾಗಿ ಊರೂರು ತಿರುಗಿದ ಕಾಲುಗಳೇ ಆಮೇಲೆ ಸುವಾರ್ತೆಗೂ ತಿರುಗಿದವು. ಹೊಸಬರಿಗೆ ಅಲ್ಲಿ ಹೇಳುತ್ತಿದ್ದ ಕಟ್ಟುಪಾಡು ಮೂರು: ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ನಡೆದುಕೊಳ್ಳಬಾರದು. ಓದಲು ಸರಳವಾಗಿವೆ. ಆದರೆ ಭಾನುವಾರ ಕೆಲಸಕ್ಕೆ ಬಾರದ ಮಾದಿಗ, ಊರ ಹಬ್ಬಕ್ಕೆ ಡೋಲು ಬಡಿಯಲು ಬಾರದ ಮಾದಿಗ ಊರಿನ ರೈತರಿಗೆ ಹೇಗೆ ಕಂಡಿರಬೇಕು! ಕೊಡಗಿನಲ್ಲಿ ಐನ್‌ಮನೆಯ ದೀಪದ ಮುಂದೆ ಎದ್ದ ಜಗಳವೇ ಇಲ್ಲಿ ಹಟ್ಟಿಯ ಬಾಗಿಲಲ್ಲಿ ಎದ್ದಿತು.

1876ರಿಂದ 78ರ ಭೀಕರ ಬರ ಮೈಸೂರು ಸೀಮೆಯನ್ನು ಸುಟ್ಟಂತೆಯೇ ಒಂಗೋಲನ್ನೂ ಸುಟ್ಟಿತು. ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟರು. ಕೂಳಿಗಾಗಿ ಬಂದರು ಎಂಬ ಮಾತು ಬರಬಾರದೆಂದು ಆ ಪರಿಹಾರದ ಕೆಲಸ ನಡೆದಷ್ಟು ಕಾಲ ಯಾರಿಗೂ ಸ್ನಾನ ಕೊಡಲಿಲ್ಲ. ಅದು ಮುಗಿದ ಮೇಲೆ ತಡೆಯಲಾಗಲಿಲ್ಲ. 1878ರ ಜುಲೈ 3ರಂದು ವೆಲ್ಲಂಪಲ್ಲಿಯ ಬಳಿ ಗುಂಡ್ಲಕಮ್ಮ ಹೊಳೆಯಲ್ಲಿ ಇಬ್ಬಿಬ್ಬರು ಬೋಧಕರು ಸರದಿಯಂತೆ ನೀರಿಗಿಳಿದರು. ಒಟ್ಟು ಆರು ಜನ. ದಡದಲ್ಲಿ ಹೆಸರು ಕೂಗುತ್ತಿದ್ದರು, ಕೂಗಿಸಿಕೊಂಡವರು ಇಳಿದು ಮುಳುಗಿ ಏಳುತ್ತಿದ್ದರು. ಸಂಜೆಯ ಹೊತ್ತಿಗೆ 2,222 ಜನ.

ಆನಂದಪುರದಲ್ಲಿ ಇಂಥ ಸಂಖ್ಯೆ ಯಾವತ್ತೂ ಬರಲಿಲ್ಲ. ಅದು ಸಣ್ಣ ಸಭೆಯಾಗಿಯೇ ಉಳಿಯಿತು. ಎರಡೂ ಕಡೆ ಹೋಲುವ ಒಂದು ಮಾತಿದೆ. ಪಾದ್ರಿಗಳು ಮೊದಲು ಕಣ್ಣಿಟ್ಟದ್ದು ಊರಿನ ದೊಡ್ಡವರ ಮೇಲೆ. ಒಂಗೋಲಿನ ಶಾಲೆಗೆ ಬ್ರಾಹ್ಮಣ ಹುಡುಗರು ಬರುತ್ತಿದ್ದರು, ಮಾದಿಗರಿಗೆ ಬಾಗಿಲು ತೆರೆದಾಗ ಅವರು ಎದ್ದು ಹೋದರು. ಮಡಿಕೇರಿಯಲ್ಲಿ ಕೊಡವರಿಗಾಗಿ ಕಾದು ಕೂತರು, ಬಂದವರು ಅವರ ಆಳುಗಳು. ಹಳ್ಳಿಸಭೆಯ ಸ್ವರೂಪವನ್ನು ತೀರ್ಮಾನಿಸಿದವರು ಕರೆದವರಲ್ಲ, ಬಂದವರು.

ಮೋಗ್ಲಿಂಗ್ 1860ರ ಹೊತ್ತಿಗೆ ಭಾರತ ಬಿಟ್ಟರು. ಮಡಿಕೇರಿಯ ಶಾಲೆಯಲ್ಲಿದ್ದ ಗಿಯೋರ್ಗ್ ರಿಕ್ಟರ್ 1870ರಲ್ಲಿ ಬರೆದ ‘ಮ್ಯಾನ್ಯುಅಲ್ ಆಫ್ ಕೂರ್ಗ್’ ಇವತ್ತಿಗೂ ಆ ಕಾಲದ ಕೊಡಗಿನ ಬಗ್ಗೆ ತಿಳಿಯಲು ಬೇಕಾದ ಪುಸ್ತಕ. ಸಭೆಯ ದಿನನಿತ್ಯದ ಭಾರ ಹೊತ್ತವರ ಹೆಸರು ಪುಸ್ತಕಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಮಕ್ಕಳಿಗೆ ಅಕ್ಷರ ಕಲಿಸಿ, ಪಾದ್ರಿ ಬಾರದ ಭಾನುವಾರ ವಾಕ್ಯ ಓದಿ, ಹೆಣ ಹೂಳುವಾಗ ಪ್ರಾರ್ಥನೆ ಮಾಡಿದವರು ಉಪದೇಶಿಗಳು. ಜಗಳ ಬಿಡಿಸಿ, ಕಾಣಿಕೆ ಎಣಿಸಿದವರು ಸಭೆಯ ಹಿರಿಯರು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಒಬ್ಬೊಬ್ಬರನ್ನಾಗಿ ಬಂಧಿಸಿ ಹೊರಗೆ ಕಳಿಸಿದಾಗ, ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳು ಕುಸಿಯದೆ ನಿಂತದ್ದು ಇವರಿಂದ.

ಇವರ ಹೆಸರು ಉಳಿದಿರುವುದು ದೀಕ್ಷಾಸ್ನಾನದ ರಿಜಿಸ್ಟರುಗಳಲ್ಲಿ. ಅಂಥ ಪುಸ್ತಕದಲ್ಲಿ ಒಂದು ಸಾಲಿಗೆ ಒಬ್ಬ ಮನುಷ್ಯ: ಹೊಸ ಹೆಸರು, ಹಳೆಯ ಹೆಸರು, ತಂದೆ ತಾಯಿ, ಊರು, ಕಸುಬು, ತಾರೀಖು, ಸ್ನಾನ ಕೊಟ್ಟವರ ಸಹಿ. ಹಳೆಯ ಹೆಸರಿನ ಕಾಲಂ ತುಂಬಿರುವವರೆಗೆ ಸಭೆಗೆ ಹೊರಗಿನಿಂದ ಜನ ಬರುತ್ತಿದ್ದರೆಂದು ಅರ್ಥ. ಆ ಕಾಲಂ ಖಾಲಿ ಬೀಳತೊಡಗಿದ ಪುಟದಿಂದ ಸಭೆ ತನ್ನ ಮಕ್ಕಳಿಂದಲೇ ಬೆಳೆಯುತ್ತಿದೆ. ಕಸುಬಿನ ಕಾಲಂನಲ್ಲಿ ಆಳು ಎಂದಿದ್ದದ್ದು ಮೇಷ್ಟ್ರು, ಕಂಪೌಂಡರ್, ಗುಮಾಸ್ತ ಎಂದು ಬದಲಾಗುವುದನ್ನೂ ಇಂಥ ಪುಟಗಳಲ್ಲಿ ಹುಡುಕಬಹುದು. ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರ ನೋಡಬೇಕೆನ್ನುವವರಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವಿದೆ. ಬೆಂಗಳೂರಿನಲ್ಲೇ ಇರುವವರು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಿಂದ ಶುರುಮಾಡಬಹುದು. ಜಯನಗರದ ಮನೆಯೊಂದರಲ್ಲಿ ಅಜ್ಜನ ಕಾಲದ ಸದಸ್ಯತ್ವದ ಪತ್ರವೊಂದು ಬೈಬಲಿನ ನಡುವೆ ಸಿಕ್ಕರೆ, ಅದರ ಮೇಲಿರುವ ಊರಿನ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಿ. ಆ ಊರಲ್ಲಿ ಸಭೆ ನಿಂತ ಜಾಗ ಮೊದಲು ಯಾರದಾಗಿತ್ತೆಂದು ಕೇಳಿ.