ಗುಡ್ಡಗಾಡು ಓಟ: ‘ಈ ಸಲ ಬೇಡ’ ಅಂದರೆ ‘ಬೇಡವೇ ಬೇಡ’ ಎಂದಲ್ಲ

ಎರಡು ವರ್ಷಗಳ ಹಿಂದೆ ಒಬ್ಬ ತಂದೆ ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ನನ್ನ ಕ್ಲಿನಿಕ್‌ಗೆ ಬಂದರು. “ಹಕೀಂ ಸಾಹೇಬ್ರೇ, ಇವಳು ಗುಡ್ಡಗಾಡು ಓಟಕ್ಕೆ ಹೆಸರು ಕೊಟ್ಟಿದ್ದಾಳೆ. ಹತ್ತು ಕಿಲೋಮೀಟರಂತೆ! ಹೆಣ್ಣುಮಕ್ಕಳ ಮೈಗೆ ಇದೆಲ್ಲ ಆಗದು ಎಂದು ನೀವೇ ಒಂದು ಮಾತು ಹೇಳಿಬಿಡಿ” ಎಂದರು.

ಓಟಕ್ಕೆ ಎಷ್ಟು ದಿನ ಇದೆ ಎಂದು ಮಗಳನ್ನು ಕೇಳಿದೆ. ಹನ್ನೆರಡು ದಿನ ಎಂದಳು. ಇದುವರೆಗೆ ಎಷ್ಟು ಓಡಿದ್ದೀ ಎಂದದ್ದಕ್ಕೆ ಉತ್ತರವಿಲ್ಲ. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದೂ ಹೇಳಿದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿತ್ತು. ಆ ವಯಸ್ಸಿನ ಹುಡುಗಿಯಲ್ಲಿ ಅದು ಕನಿಷ್ಠ 12 ಇರಬೇಕು. “ಈ ಸಲ ಓಡಬೇಡಮ್ಮ” ಎಂದೆ. ತಂದೆಗೆ ಸಮಾಧಾನವಾಯಿತು. “ಆದರೆ ಮುಂದಿನ ವರ್ಷ ಓಡಬೇಕು” ಎಂದಾಗ ಇಬ್ಬರೂ ನನ್ನ ಮುಖ ನೋಡಿದರು.

ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಏನಿದು ಗುಡ್ಡಗಾಡು ಓಟ?

ಟ್ರ್ಯಾಕ್ ಅಥವಾ ಡಾಂಬರು ರಸ್ತೆ ಬಿಟ್ಟು ಮೈದಾನ, ಹೊಲ, ಕಾಲುದಾರಿ, ಏರು-ಇಳಿತಗಳಲ್ಲಿ ಓಡುವುದೇ ಗುಡ್ಡಗಾಡು ಓಟ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ಬೆಳೆದ ಆಟವಿದು. ಇಂದು ನಮ್ಮ ವಿಶ್ವವಿದ್ಯಾಲಯಗಳ ಅಂತರ ಕಾಲೇಜು ಕ್ರೀಡೆಗಳಲ್ಲೂ ಇದೆ. ಇದರಲ್ಲಿ ತಂಡಕ್ಕೂ ಬಹುಮಾನವಿರುತ್ತದೆ. ತಂಡದ ಮೊದಲ ಕೆಲವರು ಪಡೆದ ಸ್ಥಾನಗಳನ್ನು ಕೂಡಿಸಿ, ಮೊತ್ತ ಕಡಿಮೆ ಬಂದ ತಂಡವನ್ನು ಗೆದ್ದ ತಂಡವೆಂದು ಘೋಷಿಸುತ್ತಾರೆ. ಹಾಗಾಗಿ ಇಪ್ಪತ್ತನೆಯವರಾಗಿ ಬಂದವರ ಶ್ರಮಕ್ಕೂ ಬೆಲೆಯಿದೆ.

ಸೋಮಾಲಿ ಮೂಲದ ಮುಸ್ಲಿಂ ಓಟಗಾರ ಮೊ ಫರಾ ಬಾಲ್ಯದಲ್ಲಿ ಬ್ರಿಟನ್ನಿಗೆ ಬಂದವರು. ಅವರ ಪ್ರತಿಭೆಯನ್ನು ಮೊದಲು ಗುರುತಿಸಿದ್ದು ಶಾಲೆಯ ದೈಹಿಕ ಶಿಕ್ಷಕರು. ಶಾಲಾ ಗುಡ್ಡಗಾಡು ಓಟಗಳಿಂದ ಬೆಳೆದ ಆ ಹುಡುಗ 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು 4 ಚಿನ್ನ ಗೆದ್ದರು.

ಓಟ ನಮಗೆ ಹೊಸದೂ ಅಲ್ಲ. ಪ್ರವಾದಿ(ಸ)ರು ಪತ್ನಿ ಹಝ್ರತ್ ಆಇಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ಹದೀಸ್‌ನಲ್ಲಿ ವರದಿಯಾಗಿದೆ. ಮೊದಲ ಸಲ ಆಇಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿ(ಸ)ರು ಗೆದ್ದರು. ಸಹಾಬಿ ಸಲಮಾ ಬಿನ್ ಅಕ್ವಅ್(ರ) ಕಾಲ್ನಡಿಗೆಯಲ್ಲೇ ಶತ್ರುಗಳನ್ನು ಬೆನ್ನಟ್ಟಿದ ವೇಗದ ಓಟಗಾರರು.

ಯೂನಾನಿ ಹೇಳುವ ಅಳತೆ

ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳನ್ನು ಯೂನಾನಿ ವೈದ್ಯಪದ್ಧತಿ ಪಟ್ಟಿ ಮಾಡುತ್ತದೆ. ದೇಹದ ಚಲನೆ ಮತ್ತು ವಿಶ್ರಾಂತಿ ಅವುಗಳಲ್ಲಿ ಒಂದು. ಎರಡನ್ನೂ ಒಟ್ಟಿಗೇ ಹೇಳಿರುವುದನ್ನು ಗಮನಿಸಿ. ವಿಶ್ರಾಂತಿಯಿಲ್ಲದ ವ್ಯಾಯಾಮ ಅರ್ಧ ಚಿಕಿತ್ಸೆ ಮಾತ್ರ.

ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ವ್ಯಾಯಾಮಕ್ಕೆ ‘ರಿಯಾಝತ್’ ಎನ್ನುತ್ತಾರೆ. ನಾವಾಗಿಯೇ ಮಾಡುವ, ಉಸಿರನ್ನು ಆಳವೂ ವೇಗವೂ ಆಗಿಸುವ ಚಲನೆಯೇ ರಿಯಾಝತ್. ಅದಕ್ಕೆ ಮಿತಿಯನ್ನೂ ಅವರು ಹೇಳಿದ್ದಾರೆ. ಮುಖದಲ್ಲಿ ಕಳೆಯಿದ್ದು ಚಲನೆ ಹಗುರವಾಗಿರುವವರೆಗೆ ಮುಂದುವರಿಯಬಹುದು. ಬಣ್ಣ ಕುಂದಿ ಕೈಕಾಲು ಭಾರವಾದರೆ ನಿಲ್ಲಿಸಬೇಕು. ಇಂದಿಗೂ ಹೊಸಬರಿಗೆ ನಾನು ಹೇಳುವುದು ಇದನ್ನೇ. ಓಡುತ್ತಲೇ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಿದೆ ಎಂದರ್ಥ.

ತಯಾರಿ ಹೇಗೆ?

ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದವರು, ಹಿಂದೆ ಮೂರ್ಛೆ ಹೋದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದವರು ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಸ್ತಮಾ, ಮಧುಮೇಹ, ರಕ್ತದೊತ್ತಡ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಲಿ.

5 ಕಿಲೋಮೀಟರ್ ಓಡುವ ಗುರಿಗೆ ಎಂಟು ವಾರವಾದರೂ ಬೇಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ ಅರ್ಧ ಗಂಟೆಯ ಬಿರುಸಿನ ನಡಿಗೆ ಸಾಕು. ಮೂರನೇ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕ್ರಮೇಣ ಓಟ ಹೆಚ್ಚಿಸಿ, ನಡಿಗೆ ಕಡಿಮೆ ಮಾಡಿ. ಆರನೇ ವಾರದಿಂದ ಒಂದು ದಿನ ಮಣ್ಣಿನ ದಾರಿಯಲ್ಲಿ, ಸಣ್ಣ ಏರಿನಲ್ಲಿ ಓಡಿ. 10 ಕಿಲೋಮೀಟರ್‌ಗೆ ಇನ್ನೂ ಎರಡು ತಿಂಗಳು ಸೇರಿಸಿ.

ಏರುವಾಗ ಹೆಜ್ಜೆ ಚಿಕ್ಕದಿರಲಿ. ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗ. ಆದ್ದರಿಂದ ಇಳಿಜಾರಿನಲ್ಲಿ ಕಣ್ಣು ದಾರಿಯ ಮೇಲಿರಲಿ. ಹೊಸ ಶೂವನ್ನು ಸ್ಪರ್ಧೆಯ ದಿನವೇ ಮೊದಲ ಬಾರಿ ಹಾಕಬಾರದು.

ವ್ಯಾಯಾಮಕ್ಕೆ ಮುಂಚೆ ಮತ್ತು ಅನಂತರ ಮೈ ಉಜ್ಜುವ ‘ದಲ್ಕ್’ ಯೂನಾನಿಯಲ್ಲಿದೆ. ದಣಿದ ಕಾಲಿಗೆ ಬೆಚ್ಚಗಿನ ಎಳ್ಳೆಣ್ಣೆಯಿಂದ ಹಗುರವಾಗಿ ಉಜ್ಜಿದರೆ ಹಿತವಾಗುತ್ತದೆ. ಆದರೆ ಉಳುಕಿ ಊದಿಕೊಂಡ ಕಾಲನ್ನು ಮೊದಲ ಎರಡು ದಿನ ಎಳೆಯುವುದು, ತಿಕ್ಕುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರದಲ್ಲಿರಲಿ. ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ತೆಗೆಸಿ. ‘ತಾಕತ್ತಿಗೆ’ ಎಂದು ಯಾರೋ ಮಾರುವ ಕುಶ್ತಾ, ಪುಡಿಗಳನ್ನು ಮಕ್ಕಳಿಗೆ ಕೊಡಲೇಬೇಡಿ.

ಬಿಸಿಲಿನ ಎಚ್ಚರ

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗುಡ್ಡಗಾಡು ಓಟ ಸುಡುಬಿಸಿಲಿನಲ್ಲಿ ನಡೆಯಿತು. ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದ್ದು 15 ಮಂದಿ ಮಾತ್ರ. ಹಲವರು ದಾರಿಯಲ್ಲೇ ಕುಸಿದರು. ಆ ಬಳಿಕ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ಅವರೆಲ್ಲ ತರಬೇತಾದ ಓಟಗಾರರು. ಅವರ ಗತಿಯೇ ಹಾಗಾದರೆ ತಯಾರಿಯಿಲ್ಲದ ನಮ್ಮ ಮಕ್ಕಳ ಪಾಡೇನು?

ಫಜ್ರ್ ನಮಾಝಿನ ನಂತರದ ತಂಪು ಹೊತ್ತೇ ಅಭ್ಯಾಸಕ್ಕೆ ಉತ್ತಮ. ಜ್ವರ, ಭೇದಿ ಇದ್ದ ದಿನ ಓಡಬಾರದು. ಓಡುವವರು ತೂರಾಡತೊಡಗಿದರೆ, ಮಾತು ತಡವರಿಸಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತವಾಗಿರಬಹುದು. ಕೂಡಲೇ ನೆರಳಿಗೆ ತನ್ನಿ. ಬಟ್ಟೆ, ಹಿಜಾಬ್ ಸಡಿಲಿಸಿ. ಹುಡುಗಿಯಾದರೆ ಹೆಂಗಸರು ಸುತ್ತ ನಿಂತು ಮರೆ ಮಾಡಲಿ. ಆದರೆ ಸಂಕೋಚಪಟ್ಟು ತಡಮಾಡಬೇಡಿ. ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಿ, ಕುತ್ತಿಗೆ ಮತ್ತು ಕಂಕುಳಲ್ಲಿ ಐಸ್ ಇಡಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಆಹಾರ, ಉಡುಪು, ಉಪವಾಸ

ಹೊಟ್ಟೆ ತುಂಬ ತಿಂದು ಓಡಬಾರದು. ಊಟವಾಗಿ ಎರಡು-ಮೂರು ಗಂಟೆ ಕಳೆಯಲಿ. ಬೆಳಿಗ್ಗೆ ಓಡುವ ಮುಂಚೆ ಎರಡು ಖರ್ಜೂರ ಅಥವಾ ಒಂದು ಬಾಳೆಹಣ್ಣು ಸಾಕು. ಓಡಿದ ಮೇಲೆ ನೀರು, ಉಪ್ಪು-ಸಕ್ಕರೆ ಹಾಕಿದ ನಿಂಬೆ ಶರಬತ್ತು, ರಾಗಿ ಗಂಜಿ ಒಳ್ಳೆಯದು. ರಕ್ತಹೀನತೆ ಇರುವವರಿಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯ ಜೊತೆಗೆ ಸೊಪ್ಪು, ಕಾಳು, ಮಾಂಸ ಬೇಕು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ.

ತುಂಬು ತೋಳು, ಸಡಿಲ ಪ್ಯಾಂಟು, ಬೆವರು ಬೇಗ ಆರುವ ತೆಳು ಬಟ್ಟೆಯ ತಲೆವಸ್ತ್ರ ಧರಿಸಿ ಧಾರಾಳವಾಗಿ ಓಡಬಹುದು. ಅಭ್ಯಾಸವನ್ನೂ ಅದೇ ಉಡುಪಿನಲ್ಲಿ ಮಾಡಿ. ಸ್ಪರ್ಧೆಯ ಉಡುಪಿನ ಬಗ್ಗೆ ಕ್ರೀಡಾ ಶಿಕ್ಷಕರಲ್ಲಿ ಮೊದಲೇ ಮಾತನಾಡಿಕೊಳ್ಳಿ.

ರಮಝಾನ್‌ನಲ್ಲಿ ಕಠಿಣ ಅಭ್ಯಾಸ ಬೇಡ. ಇಫ್ತಾರ್‌ಗೆ ಮುನ್ನ ಅರ್ಧ ಗಂಟೆ ನಡಿಗೆ, ಇಲ್ಲವೇ ತರಾವೀಹ್ ಬಳಿಕ ಹಗುರವಾದ ಓಟ ಸಾಕು. ಒಂದು ತಿಂಗಳು ನಿಧಾನವಾದರೆ ನಷ್ಟವೇನಿಲ್ಲ.

ದೇಹ ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದನ್ನು ಬಳಸದೆ ಜಡವಾಗಿಸುವುದೂ ತಪ್ಪು, ಆತುರಕ್ಕೆ ಬಿದ್ದು ಕೆಡಿಸುವುದೂ ತಪ್ಪು.

ಆ ಹುಡುಗಿ ನಾಲ್ಕು ತಿಂಗಳು ಚಿಕಿತ್ಸೆ ಪಡೆದಳು. ಹಿಮೋಗ್ಲೋಬಿನ್ 12 ದಾಟಿದ ಮೇಲೆ ನಡಿಗೆ, ಆಮೇಲೆ ಓಟ. ಒಬ್ಬಳನ್ನೇ ಕಳುಹಿಸಲು ಮನಸ್ಸಾಗದೆ ತಂದೆಯೂ ಬೆಳಿಗ್ಗೆ ಮೈದಾನಕ್ಕೆ ಹೋಗತೊಡಗಿದರು. ಮರುವರ್ಷ ಅವಳು ಹತ್ತು ಕಿಲೋಮೀಟರನ್ನು ಎಲ್ಲೂ ನಿಲ್ಲದೆ ಮುಗಿಸಿದಳು. ಎಷ್ಟನೇ ಸ್ಥಾನ ಎಂದು ಕೇಳಿದೆ. “ಅದು ಗೊತ್ತಿಲ್ಲ ಹಕೀಂ ಸಾಹೇಬ್ರೇ, ನಗುತ್ತಾ ಬಂದಳು” ಎಂದರು ತಂದೆ. ಮಗಳ ಹಿಂದೆ ಮೈದಾನ ಸುತ್ತಿ ಸುತ್ತಿ ಅವರ ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂದಿತ್ತು.